ಭಾಗ್ಯನಗರ ಉರುಫ್ ಬಾಗೇಪಲ್ಲಿ

ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಪಹಣಿಗಳಲ್ಲಿ ‘ಮುನಿಯಪ್ಪ ಉರುಫ್ ಗುಂಡಪ್ಪ ಬಿನ್ ಲೇಟ್ ವೆಂಕಟಪ್ಪ’ ಎಂಬಂಥ ಹೆಸರು ಹೇರಳ. ಮನೆಯಲ್ಲಿ ಒಂದು, ಊರಲ್ಲಿ ಇನ್ನೊಂದು. ನಡುವೆ ಒಂದು ಉರುಫ್ ಬಿತ್ತೆಂದರೆ ತಕರಾರು ಮುಗೀತು. ಈ ಮೂರಕ್ಷರ ಗೊತ್ತಿಲ್ಲದೆ ಗ್ರೀಸ್ ಮತ್ತು ಮೆಸಿಡೋನಿಯಾ 1991ರಿಂದ 2018ರವರೆಗೆ ಒಂದು ಹೆಸರಿಗಾಗಿ ಕಚ್ಚಾಡಿದವು: ಮೆಸಿಡೋನಿಯಾ ಎಂಬುದು ತನ್ನ ಉತ್ತರದ ಸೀಮೆಯ ಹೆಸರು ಅಂತ ಗ್ರೀಸಿನ ತಕರಾರು.

1993ರಲ್ಲಿ ವಿಶ್ವಸಂಸ್ಥೆ ಆ ದೇಶವನ್ನು ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮೆಸಿಡೋನಿಯಾ’ ಅಂತ ಸೇರಿಸಿಕೊಂಡಿತು. ಅಲ್ಲಿ ಕುರ್ಚಿ ಹಾಕುವುದು ಅಕಾರಾದಿಯಲ್ಲಿ. ‘ಎಂ’ ಸಾಲು ಕೊಡಲು ಗ್ರೀಸ್ ಒಪ್ಪಲಿಲ್ಲ. ‘ಹಿಂದಿನ’ (ಇಂಗ್ಲಿಷಿನ ‘ಫಾರ್ಮರ್’) ಎಂಬುದರ ‘ಎಫ್’ ಸಾಲಿನಲ್ಲಿ ಕೂರಲು ಮೆಸಿಡೋನಿಯಾ ಒಪ್ಪಲಿಲ್ಲ. ಕೊನೆಗೆ ಇಂಗ್ಲಿಷ್ ಹೆಸರಿನ ಮುಂದೆ ಸುಮ್ಮನೆ ನಿಂತಿದ್ದ ‘ದ’ (the) ಎಂಬ ಪದವನ್ನು ಹಿಡಿದು, ‘ಟಿ’ ಸಾಲಿನಲ್ಲಿ ಥಾಯ್ಲೆಂಡ್ ಪಕ್ಕ ಕೂರಿಸಿದರು. ಕನ್ನಡಕ್ಕೆ ತಂದರೆ ಮಾಯವಾಗುವ ಪದದ ಮೇಲೆ ಒಂದು ದೇಶ ಕಾಲು ಶತಮಾನ ಕೂತಿತ್ತು! ಎರಡೂ ದೇಶ ಮಾಡಿಕೊಂಡ 2018ರ ಪ್ರೆಸ್ಪಾ ಒಪ್ಪಂದದ ಮೇಲೆ, 2019ರ ಫೆಬ್ರವರಿಯಲ್ಲಿ ಅದು ಉತ್ತರ ಮೆಸಿಡೋನಿಯಾ ಆಯಿತು. ಕಾರಿನ ಫಲಕಕ್ಕೆ ‘ಎನ್‌ಎಂಕೆ’, ಜಾಲತಾಣಗಳ ಬಾಲಕ್ಕೆ ಹಳೆಯ ‘ಎಂಕೆ’ಯೇ. ಜನರ ರಾಷ್ಟ್ರೀಯತೆ? ‘ಮೆಸಿಡೋನಿಯನ್ / ಉತ್ತರ ಮೆಸಿಡೋನಿಯಾ ಗಣರಾಜ್ಯದ ಪ್ರಜೆ’. ನಡುವೆ ಓರೆಯಾಗಿ ನಿಂತಿದೆಯಲ್ಲ ಆ ಗೆರೆ, ಅದು ಕೋಟು ತೊಟ್ಟ ಉರುಫ್.

‘ಉತ್ತರ’ ಅಂಟಿಸಿದರೆಂದು ಅಲ್ಲಿ ಜನ ಬೀದಿಗಿಳಿದರು. ಇಲ್ಲಿ 2025ರ ಜುಲೈ 2ರಂದು ನಂದಿಬೆಟ್ಟದ ಮೇಲೆ ಕೂತ ಸಚಿವ ಸಂಪುಟ ಪಕ್ಕದ ಬೆಂಗಳೂರು ಗ್ರಾಮಾಂತರವನ್ನು ‘ಬೆಂಗಳೂರು ಉತ್ತರ’ ಮಾಡಿದಾಗ ಎಕರೆಯ ರೇಟು ಎಷ್ಟು ಏರುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಅದೇ ಸಭೆ ಬಾಗೇಪಲ್ಲಿಗೆ ‘ಭಾಗ್ಯನಗರ’ ಎಂಬ ಹೆಸರನ್ನೂ ಒಪ್ಪಿತು. ‘ಪಲ್ಲಿ’ ತೆಲುಗಂತೆ. ಹಳಗನ್ನಡದ ‘ಪಳ್ಳಿ’ಯೇ ಇವತ್ತಿನ ‘ಹಳ್ಳಿ’, ಪಾಲು ಹಾಲಾದ ದಾರಿಯಲ್ಲೇ. ಅಷ್ಟು ಮುಜುಗರವಿದ್ದರೆ ಎರಡಕ್ಷರ ತಿದ್ದಿ ಬಾಗೇಹಳ್ಳಿ ಮಾಡಬಹುದಿತ್ತು, ಬೋರ್ಡಿನ ಬಣ್ಣವಾದರೂ ಉಳಿಯುತ್ತಿತ್ತು. ತೆಲುಗನ್ನು ತೊಳೆಯಲು ತಂದದ್ದು ಸಂಸ್ಕೃತ: ಭಾಗ್ಯವೂ ಅದರದೇ, ನಗರವೂ ಅದರದೇ. (ತುಮಕೂರಿನವರು ಪುಣ್ಯವಂತರು. 2014ರ ನವೆಂಬರ್ 1ರಂದು ಬದಲಾದದ್ದು ಬರೀ ಇಂಗ್ಲಿಷ್ ಕಾಗುಣಿತ. ಕನ್ನಡದಲ್ಲಿ ಮೊದಲೂ ತುಮಕೂರೇ.)

ಸಂಪುಟ ಒಪ್ಪಿದರೆ ಸಾಲದು. ಕಡತ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ಅದು ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾ ಮೂವರಿಂದಲೂ ‘ಆಕ್ಷೇಪವಿಲ್ಲ’ ಪತ್ರ ತರಿಸುತ್ತದೆ. ಬಾಗೇಪಲ್ಲಿಗೆ ರೈಲೇ ಬಂದಿಲ್ಲ. ಬಾರದ ರೈಲಿನದೂ ಆಕ್ಷೇಪ ಇರಕೂಡದು. ಕೇಂದ್ರದ 1953ರ ಸುತ್ತೋಲೆಯೊಂದಿದೆ: ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಮುಟ್ಟಬಾರದು, ಹೊಸ ಹೆಸರಿನ ಊರು ರಾಜ್ಯದಲ್ಲಿ ಮತ್ತೊಂದಿದ್ದು ಗೊಂದಲವಾಗಬಾರದು. ಕೊಪ್ಪಳದ ಮಗ್ಗುಲಲ್ಲೇ ಒಂದು ಭಾಗ್ಯನಗರವಿದೆ. ಸಾಲದ್ದಕ್ಕೆ ಹೈದರಾಬಾದನ್ನೂ ಭಾಗ್ಯನಗರ ಮಾಡಿ ಎನ್ನುವವರಿದ್ದಾರೆ. ಅವರೂ ಗೆದ್ದರೆ 44ನೇ ಹೆದ್ದಾರಿಯ ಬಸ್ಸು ಭಾಗ್ಯನಗರದಿಂದ ಹೊರಟು ಭಾಗ್ಯನಗರಕ್ಕೇ ಹೋಗುತ್ತದೆ. ಕಂಡಕ್ಟರ್ ಏನಂತ ಕೂಗಬೇಕು?

ಕಷ್ಟ ಶುರುವಾಗುವುದು ಆಮೇಲೆ. ಪಹಣಿಯಲ್ಲಿ ಒಂದೂರು, ಪಾಸ್‌ಬುಕ್ಕಿನಲ್ಲಿ ಇನ್ನೊಂದೂರು. ಎರಡೂ ಒಂದೇ ಎಂದು ಬರೆದುಕೊಡಬೇಕಾದವರ ಹೆಸರೂ ನಿಂತಿಲ್ಲ: ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗ, ಆತನೇ ಈಗ ಗ್ರಾಮ ಆಡಳಿತಾಧಿಕಾರಿ. ಆದರೂ ಅವರ ಪೆನ್ನಿಗೆ ರೂಢಿ ತಪ್ಪಿಲ್ಲ, ಒಂದೇ ಉಸಿರಿಗೆ ‘ಭಾಗ್ಯನಗರ ಉರುಫ್ ಬಾಗೇಪಲ್ಲಿ’ ಎಂದು ಗೀಚಿಕೊಟ್ಟಾರು. ಆದರೆ ಆಧಾರ್ ಅರ್ಜಿಯಲ್ಲಿ ಉರುಫ್‌ಗೆ ಖಾನೆ ಇಲ್ಲ.