ಪಡುವಲಕ್ಕೆ ಕಟ್ಟಲು ತಂದ ಕಲ್ಲು

ನಮ್ಮ ಶಾಲೆ ಇರುವುದು ಕೇರಳದ ಮಂಜೇಶ್ವರ ತಾಲೂಕಿನ ಒಂದು ಪದವಿನ ಮೇಲೆ, ಅಂದರೆ ಗುಡ್ಡದ ಮೇಲಿನ ಬಯಲಲ್ಲಿ. ಕೆಳಗೆಲ್ಲ ಮುರಕಲ್ಲು. ಹಾರೆ ಹಾಕಿದರೆ ಠಣ್ ಅನ್ನುತ್ತದೆ, ಭುಜದವರೆಗೆ ಜುಮ್ ಅನ್ನುತ್ತದೆ, ಮಣ್ಣು ಮಾತ್ರ ಬರುವುದಿಲ್ಲ. ಇಂಥ ಕಡೆ ತರಕಾರಿ ತೋಟ ಮಾಡೋಣ ಅಂತ ಜೂನ್ 5ರ ಪರಿಸರ ದಿನದಂದು ಭಾಷಣದ ಭರದಲ್ಲಿ ಹೇಳಿಬಿಟ್ಟೆ. ರಕ್ಷಕ ಶಿಕ್ಷಕ ಸಂಘದವರು ಅಲ್ಲೇ 500 ರೂಪಾಯಿ ಕೈಗಿಟ್ಟರು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಪುರುಸೊತ್ತು ಅಂತ ಇದ್ದದ್ದು ಶುಕ್ರವಾರ ಮಧ್ಯಾಹ್ನ ಮಾತ್ರ. ಆ ದಿನ ಜುಮಾಕ್ಕೆಂದು ಬಿಡುವು ಸ್ವಲ್ಪ ಜಾಸ್ತಿ. ಅರ್ಧ ಮಕ್ಕಳು ಮಸೀದಿಗೆ, ಉಳಿದರ್ಧ ನನ್ನ ಪಾಲಿಗೆ.

ಊಟದ ಅಕ್ಕಿಯ ಖಾಲಿ ಚೀಲಗಳಿದ್ದವು. ತುಂಬಿಸಲು ಮಣ್ಣು ಬೇಕಲ್ಲ? "ನಾಳೆ ಒಬ್ಬೊಬ್ಬರೂ ಒಂದು ತೊಟ್ಟೆ ಮಣ್ಣು ತನ್ನಿ" ಅಂದೆ. ಎಂಥ ಮಣ್ಣು ಅಂತ ಹೇಳಲಿಲ್ಲ. ಕಡಲ ಬದಿಯ ಹುಡುಗ ಹೊಯ್ಗೆ, ಅಂದರೆ ಬರೀ ಮರಳು ತಂದ. ಐದನೇ ಕ್ಲಾಸಿನ ಒಬ್ಬ ಹಸಿ ಸೆಗಣಿಯನ್ನೇ ತುಂಬಿಸಿಕೊಂಡು ಬಸ್ಸು ಹತ್ತಿದ. ಅವನಿಗೆ ಜೀವನದಲ್ಲಿ ಮೊದಲ ಬಾರಿ ಆ ಬಸ್ಸಲ್ಲಿ ಸೀಟು ಸಿಕ್ಕಿತಂತೆ. ಸುತ್ತಲಿನ ಸೀಟುಗಳೂ ಖಾಲಿಯಾದವಂತೆ. ಇನ್ನೊಬ್ಬಳು ತಂದದ್ದು ತುಳಸಿಕಟ್ಟೆಯ ಮಣ್ಣು. ಮರುದಿನ ಅವಳ ಅಜ್ಜಿ ಅದನ್ನು ವಾಪಸು ಕೇಳಲು ಬಂದರು. ಯಾವ ಚೀಲಕ್ಕೆ ಹಾಕಿದ್ದೆಂದು ಯಾರಿಗೆ ನೆನಪು? ಅಂದಾಜಿನ ಮೇಲೆ ಒಂದು ತೊಟ್ಟೆ ತುಂಬಿಸಿ ಕೊಟ್ಟೆವು. ಆ ಮನೆಯ ತುಳಸಿ ಈಗ ಹೇಗಿದೆ ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಹರಿವೆ ಬೀಜ ಹಾಗೇ ಚೆಲ್ಲಿದರೆ ಇರುವೆ ಹೊತ್ತುಕೊಂಡು ಹೋಗುತ್ತದೆ. ರವೆ ಬೆರೆಸಿ ಚೆಲ್ಲಿದರೆ ಇರುವೆ ರವೆಯ ಹಿಂದೆ ಹೋಗುತ್ತದೆ, ಬೀಜ ಉಳಿಯುತ್ತದೆ. ಕೃಷಿಯಲ್ಲಿ ನನಗೆ ಗೊತ್ತಿದ್ದದ್ದು ಇದೊಂದೇ. ಅಡುಗೆಯ ಅಕ್ಕನಿಂದ ರವೆ ಸಾಲ ತಂದು, ಬಹಳ ಗತ್ತಿನಿಂದ ಬೆರೆಸಿ ಚೆಲ್ಲಿಸಿದೆ. ರಾತ್ರಿ ಸುರಿದ ಮಳೆಗೆ ಬೀಜವೂ ಇಲ್ಲ, ರವೆಯೂ ಇಲ್ಲ. ಇರುವೆಗಳಿಗೂ ನಷ್ಟ.

ಉಳಿದದ್ದು ಕೃಷಿಭವನದಿಂದ ಸಿಕ್ಕಿದ ಎರಡು ಪೊಟ್ಟಣ. ಮೇಲೆ ಮಲಯಾಳ. ನಾನೋ, ಅಕ್ಷರ ಕೂಡಿಸಿ ಕೂಡಿಸಿ ಓದುವವ. 'ವೆಂಡ' ಅಂದರೆ ಬೆಂಡೆ, ಸರಿ. ಇನ್ನೊಂದು 'ಪಾವಲ್'. ಪಡುವಲವೇ ಇರಬೇಕು, ಅಲ್ವಾ? ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳಲ್ಲಿ ಯಾರಾದರೂ ಹತ್ತಿರ ಇದ್ದಿದ್ದರೆ ಹೇಳುತ್ತಿದ್ದರು. ಅದು ಶುಕ್ರವಾರ.

ಬಳ್ಳಿ ಚಪ್ಪರಕ್ಕೆ ಹತ್ತಿತು. ಪಡುವಲಕಾಯಿ ಸೊಟ್ಟಗಾಗದೆ ನೇರ ಇಳಿಯಬೇಕಾದರೆ ತುದಿಗೆ ಸಣ್ಣ ಕಲ್ಲು ಕಟ್ಟಬೇಕು ಅಂತ ಮಕ್ಕಳಿಗೆ ಪಾಠ ಮಾಡಿದೆ. ಒಬ್ಬೊಬ್ಬರೂ ಒಂದು ಕಲ್ಲಿಗೆ ನೂಲು ಸುತ್ತಿ ತಯಾರಾಗಿ ಕೂತರು. ಒಟ್ಟು 28 ಕಲ್ಲು.

ಹಳದಿ ಹೂ ಬಿಟ್ಟಿತು.

"ಮಾಷ್ಟ್ರೇ, ನಮ್ಮ ಮನೆಯ ಪಡುವಲದ ಹೂ ಬಿಳಿ. ಅಂಚಲ್ಲಿ ನೂಲು ನೂಲು ಉಂಟು" ಅಂದಳು ಒಬ್ಬಳು.

"ಇದು ಬೇರೆ ಜಾತಿ" ಅಂದೆ.

ಆಗಸ್ಟಿನಲ್ಲಿ ಮೈತುಂಬ ಗುಳ್ಳೆ ಇರುವ ಮಿಡಿ ಕಾಣಿಸಿತು. "ಎಳತ್ತು. ಬೆಳೆದ ಮೇಲೆ ನುಣುಪಾಗುತ್ತದೆ" ಅಂದೆ. ಮಕ್ಕಳು ನಂಬಿದರು. ಮೇಷ್ಟ್ರ ಕೆಲಸದ ದೊಡ್ಡ ಅಪಾಯವೇ ಇದು. ನಂಬಿ, ಮಿಡಿಗೆ ಕಲ್ಲು ಕಟ್ಟಿದರು. ಮಿಡಿ ಸೀದಾ ಕೆಳಗೆ ಬಿತ್ತು.

ಶಬ್ದ ಕೇಳಿ ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಂದರು. ಬಳ್ಳಿ ನೋಡಿದರು, ನನ್ನನ್ನು ನೋಡಿದರು.

"ಎಂತ ಮಾಷ್ಟ್ರೇ, ಹಾಗಲಕಾಯಿಗೆ ಯಾಕೆ ಕಲ್ಲು?"

ಆಮೇಲಿನ ವಾರ ಹಾಗಲಕಾಯಿ ಸಾಂಬಾರು. ತಾವೇ ಬೆಳೆಸಿದ್ದನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ ಅಂತ ಭಾಷಣದಲ್ಲಿ ನಾನೇ ಹೇಳಿದ್ದೆ. ತಟ್ಟೆಗಳ ಅಂಚಿನಲ್ಲಿ ಹಾಗಲದ ಹೋಳು ಸಾಲಾಗಿ ಕೂತಿದ್ದವು. ಶುಗರ್ ಇರುವ ಹೆಡ್ಮಾಷ್ಟ್ರು ಮಾತ್ರ ಮೂರು ಸಲ ಹಾಕಿಸಿಕೊಂಡು, "ತೋಟ ಮುಂದುವರಿಸಿ" ಅಂದರು.

ಕಲ್ಲುಗಳನ್ನು ಈಗ ಒಂದನೇ ಕ್ಲಾಸಿನವರು ಲೆಕ್ಕ ಕಲಿಯಲು ಇಟ್ಟುಕೊಂಡಿದ್ದಾರೆ. ಎಷ್ಟು ಸಲ ಎಣಿಸಿದರೂ 27. ಉಳಿದ ಒಂದು ಕಲ್ಲು, ಚಪ್ಪರದ ಆಚೆ ತುದಿಯಲ್ಲಿ, ನಮ್ಮ ಕಣ್ಣಿಗೆ ಬೀಳದೆ ಬೆಳೆದ ಒಂದು ಹಾಗಲಕಾಯಿಯ ಕೆಳಗೆ ನೇತಾಡುತ್ತಿದೆ. ಕಾಯಿ ನೇರವಾಗಿಯೇ ಉಂಟು.