ಸ್ಟೆಮ್ ಸೆಲ್ ಅಂದ ತಕ್ಷಣ ಚಿನ್ನ ಅಡ ಇಡಬೇಡಿ

ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ, ಶುರುವಾಗಿ ಹನ್ನೊಂದು ವರ್ಷ. ಬೆಳಿಗ್ಗೆ ಎದ್ದು ಒಂದು ಗಂಟೆ ಬೆರಳು ಮಡಚುವುದಿಲ್ಲ. ಕುಕ್ಕರ್ ಮುಚ್ಚಳವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಮೈಯೆಲ್ಲ ವಾಲಿಸಿ ತೆಗೆಯುತ್ತಾಳೆ. ಅದನ್ನು ದಿನಾ ನೋಡುವವರಿಗೆ ಯಾರು ಏನು ಹೇಳಿದರೂ ನಂಬಿಬಿಡೋಣ ಅನಿಸುತ್ತದೆ. ಹೋದ ತಿಂಗಳು ಒಂದು ಕ್ಲಿನಿಕ್‌ನವರು ಫೋನಿನಲ್ಲಿ "ಸ್ಟೆಮ್ ಸೆಲ್ ಮೂರು ಇಂಜೆಕ್ಷನ್, ನಾಲ್ಕು ಲಕ್ಷ, ಆಮೇಲೆ ಮಾತ್ರೆನೇ ಬೇಡ" ಅಂದರು. ಭಾವ ಅವತ್ತೇ ಚಿನ್ನ ಅಡ ಇಡುವ ಮಾತಾಡಿದರು.

ಸ್ಟೆಮ್ ಸೆಲ್ ಅಂದರೆ ಬೇರೆ ಕಣಗಳನ್ನು ಹುಟ್ಟಿಸುವ ಮೂಲ ಕಣ. ಈ ಕಾಯಿಲೆಗೆ ಅದರ ಕಸಿ ಮಾಡಿದ್ದು ಸುಳ್ಳಲ್ಲ. 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾ, ಯುರೋಪ್, ಅಮೆರಿಕದಲ್ಲಿ ಯಾವ ಔಷಧಿಗೂ ಬಗ್ಗದವರಿಗೆ ಮಾಡಿದರು. ಆದರೆ ಅದು ಇಂಜೆಕ್ಷನ್ ಹಾಕಿಸಿಕೊಂಡು ಸಂಜೆ ಮನೆಗೆ ಬರುವ ಕೆಲಸವಲ್ಲ. ಮೊದಲು ಮೂಳೆ ಮಜ್ಜೆಯ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಬರುವ ಹಾಗೆ ಮಾಡಿ, ಮಶೀನಿನಲ್ಲಿ ಬೇರ್ಪಡಿಸಿ ಫ್ರೀಜ್ ಮಾಡುತ್ತಾರೆ. ಆಮೇಲೆ ಸೈಕ್ಲೋಫಾಸ್ಫಮೈಡ್ ಅನ್ನುವ ಕ್ಯಾನ್ಸರ್ ಔಷಧಿ, ಭಾರೀ ಡೋಸ್‌ನಲ್ಲಿ. ನಮ್ಮ ಕೀಲನ್ನೇ ತಿನ್ನುತ್ತಿರುವ ರೋಗನಿರೋಧಕ ಕಣಗಳನ್ನು ಅಳಿಸುವುದು ಅದೇ. ತೆಗೆದಿಟ್ಟ ಸೆಲ್‌ಗಳನ್ನು ವಾಪಸ್ ಏರಿಸುವುದು ರಕ್ತ ಮತ್ತೆ ಹುಟ್ಟಲಿ ಅಂತ. ಬಿಳಿ ರಕ್ತಕಣ ಏರುವ ತನಕ ಸಣ್ಣ ಸೋಂಕೂ ಜೀವಕ್ಕೆ ಬರಬಹುದು.

ಇಷ್ಟೆಲ್ಲ ಪಟ್ಟು ಸಿಕ್ಕಿದ್ದೇನು? 2004ರಲ್ಲಿ ಈ ಕಸಿ ಮಾಡಿಸಿಕೊಂಡ 73 ರೋಗಿಗಳ ಲೆಕ್ಕ ಹೊರಬಂತು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಒಂದು ಹಂತದಲ್ಲಿ ನೋವು, ಊತ ಅರ್ಧಕ್ಕರ್ಧ ಇಳಿದಿತ್ತು. ಆದರೆ ಆರು ತಿಂಗಳೊಳಗೆ ಹೆಚ್ಚಿನವರು ಮತ್ತೆ ಮಾತ್ರೆಗೆ ಮರಳಬೇಕಾಯಿತು. ಅಷ್ಟರಲ್ಲಿ ಎಟನರ್ಸೆಪ್ಟ್‌ನಂಥ ಬಯಾಲಜಿಕ್ ಇಂಜೆಕ್ಷನ್‌ಗಳು (ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್ ಔಷಧಿಗಳು) ಬಂದಿದ್ದವು, ಡಾಕ್ಟರುಗಳು ಆ ಕಡೆ ತಿರುಗಿದರು.

ಕ್ಲಿನಿಕ್‌ನವರು ಹೇಳುತ್ತಿದ್ದದ್ದು ಈ ಕಸಿಯೂ ಅಲ್ಲ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಒಪ್ಪಿಗೆ ಇರುವ ರಕ್ತದ ಕಾಯಿಲೆಗಳ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಇನ್ನೂ ಪ್ರಯೋಗ. ಪ್ರಯೋಗಕ್ಕೆ ರೋಗಿಯಿಂದಲೇ ನಾಲ್ಕು ಲಕ್ಷ ಕೇಳುತ್ತಾರೆ ಅಂದರೆ ಅಲ್ಲೇ ಅನುಮಾನ ಬರಬೇಕು ಅಲ್ವಾ?

ನನಗೆ ಜಾಸ್ತಿ ಸಂಕಟ ಆಗಿದ್ದು ಇನ್ನೊಂದು ವಿಷಯಕ್ಕೆ. "ಅದು ಕ್ಯಾನ್ಸರ್ ಮಾತ್ರೆ" ಅಂತ ಯಾರೋ ಹೆದರಿಸಿದ್ದಕ್ಕೆ ಅಕ್ಕ ಎರಡು ವರ್ಷ ಮೆಥೊಟ್ರೆಕ್ಸೇಟ್, ಅಂದರೆ ಈ ಕಾಯಿಲೆಗೆ ಡಾಕ್ಟರು ಕೊಟ್ಟಿದ್ದ ಮಾತ್ರೆ, ಬಿಟ್ಟಿದ್ದಳು. ಕೀಲು ಸವೆದದ್ದು ಆಗಲೇ. ವಾರಕ್ಕೆ ಒಂದೇ ದಿನ ತಗೊಳ್ಳುವ ಔಷಧಿ ಅದು, ದಿನಾ ನುಂಗಿದರೆ ಅಪಾಯ, ಜೊತೆಗೆ ಫೋಲಿಕ್ ಆಸಿಡ್ ಬೇಕು, ಆಗಾಗ ಲಿವರ್ ಟೆಸ್ಟ್ ಮಾಡಿಸಬೇಕು. ಇಷ್ಟನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅವಳು ಬಿಡುತ್ತಿರಲಿಲ್ಲ.

ಈಗ ರುಮಟಾಲಜಿಸ್ಟ್ (ಕೀಲಿನ ಕಾಯಿಲೆಯ ಡಾಕ್ಟರು) ಟೊಫಾಸಿಟಿನಿಬ್ ಅನ್ನುವ ಮಾತ್ರೆ ಸೇರಿಸೋಣ ಅಂದಿದ್ದಾರೆ. ಅದಕ್ಕೂ ಮೊದಲು ಟಿಬಿ ಟೆಸ್ಟ್ ಆಗಬೇಕು. ಮಂಗಳವಾರ ಭಾವನ ಜೊತೆ ನಾನೂ ಹೋಗುತ್ತಿದ್ದೇನೆ.