ದಿಲ್ಲಿಗೆ ಹೊರಟವರೇ, ಮೊದಲು ಸೋಮವಾರ ಎಲ್ಲಿ ಬರುತ್ತೆ ನೋಡ್ಕೊಳ್ಳಿ

ಪರಿಚಯದ ಮನೆಯವರು ಒಂದು ವಾರ ದಿಲ್ಲಿಗೆ ಹೊರಟಿದ್ದಾರೆ. ಟ್ರಾವೆಲ್ಸ್‌ನವರು ಅವರಿಗೆ ಬರೆದುಕೊಟ್ಟ ಕಾರ್ಯಕ್ರಮ ಈಗಷ್ಟೇ ನೋಡಿದೆ, ಸಿಟ್ಟು ತಡೆಯೋಕಾಗ್ತಿಲ್ಲ. ಸೋಮವಾರ ಕೆಂಪುಕೋಟೆ, ಲೋಟಸ್ ಟೆಂಪಲ್, ಅಕ್ಷರಧಾಮ. ಮೂರಕ್ಕೆ ಮೂರೂ ಸೋಮವಾರ ಮುಚ್ಚಿರುತ್ತವೆ! ಶುಕ್ರವಾರ ಆಗ್ರಾ. ತಾಜ್‌ಮಹಲಿಗೆ ವಾರದ ರಜೆ ಇರೋದೇ ಶುಕ್ರವಾರ. ಭಾನುವಾರ ಚಾಂದನಿ ಚೌಕ್‌ನಲ್ಲಿ ಖರೀದಿ ಅಂತ ಇದೆ, ಅವತ್ತು ಅಲ್ಲಿನ ಬಹುತೇಕ ಅಂಗಡಿಗಳು ಷಟರ್ ಎಳೆದಿರುತ್ತವೆ. ವಯಸ್ಸಾದ ಇಬ್ಬರು, ಒಂದು ಪುಟ್ಟ ಮಗು ಇರೋ ಕುಟುಂಬ ಅದು. ದುಡ್ಡು ಇಸ್ಕೊಂಡು ಇಂಥದ್ದನ್ನು ಕೈಗೆ ಕೊಡೋಕೆ ಮನಸ್ಸಾದರೂ ಹೇಗೆ ಬರುತ್ತೆ?

ದಿಲ್ಲಿ ಅಂದ್ರೆ ನನಗೆ ಹುಚ್ಚು, ಅದಕ್ಕೇ ಈ ಸಿಟ್ಟು. ತಕರಾರು ಒಂದೇ. ಊರು ನೋಡೋ ಪಟ್ಟಿಯನ್ನು ಎಲ್ಲರೂ ಹೆಸರು ನೋಡಿ ಮಾಡ್ತಾರೆ, ಯಾವುದು ಹೆಚ್ಚು ಪ್ರಸಿದ್ಧವೋ ಅದು ಮೊದಲ ದಿನಕ್ಕೆ. ಮಾಡಬೇಕಾದ್ದು ವಾರ ನೋಡಿ, ಆಮೇಲೆ ಏರಿಯಾ ನೋಡಿ. ಇವೆರಡನ್ನು ಬಿಟ್ಟರೆ ಏಳು ದಿನದಲ್ಲಿ ಎರಡು ದಿನ ಮುಚ್ಚಿದ ಗೇಟಿನ ಮುಂದೆ, ಇನ್ನೆರಡು ದಿನ ಟ್ರಾಫಿಕ್‌ನಲ್ಲಿ ಹೋಗ್ತವೆ.

ಸೋಮವಾರ ಮುಚ್ಚುವ ಪಟ್ಟಿ ಉದ್ದ ಇದೆ. ಮೇಲಿನ ಮೂರರ ಜೊತೆಗೆ ಜನಪಥದ ನ್ಯಾಷನಲ್ ಮ್ಯೂಸಿಯಂ, ಚಾಣಕ್ಯಪುರಿಯ ರೈಲ್ ಮ್ಯೂಸಿಯಂ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧೀಜಿಯವರ ಕೊನೆಯ ದಿನಗಳ ಗಾಂಧಿ ಸ್ಮೃತಿ ಎಲ್ಲಕ್ಕೂ ಅವತ್ತೇ ರಜೆ. ಬಟ್ಟೆಗೆ ಅಂತ ಹೋಗುವ ಸರೋಜಿನಿ ನಗರ, ಲಾಜಪತ್ ನಗರ ಮಾರುಕಟ್ಟೆಗಳೂ ಸೋಮವಾರ ಬಂದ್. ಹಾಗಂತ ಸೋಮವಾರ ರೂಮಲ್ಲಿ ಕೂರಬೇಕಿಲ್ಲ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಸಫ್ದರ್‌ಜಂಗ್ ಸಮಾಧಿ, ಲೋಧಿ ಗಾರ್ಡನ್, ಜಂತರ್ ಮಂತರ್‌ಗೆ ವಾರದ ರಜೆಯೇ ಇಲ್ಲ. ಸೋಮವಾರವನ್ನು ಇವಕ್ಕೇ ಮೀಸಲಿಡಿ. ಬೆಳಗ್ಗೆ ಬಿಸಿಲೇರುವ ಮುಂಚೆ ಕುತುಬ್, ಮಗ್ಗುಲಲ್ಲೇ ಟಿಕೆಟ್ ಇಲ್ಲದ ಮೆಹ್ರೋಲಿ ಪುರಾತತ್ವ ಉದ್ಯಾನ, ಮಧ್ಯಾಹ್ನದ ಮೇಲೆ ಕುತುಬ್‌ಗೆ ಬಂದ ಮೆಟ್ರೊದ ಯೆಲ್ಲೊ ಲೈನನ್ನೇ ಹಿಡಿದು ಜೋರ್ ಬಾಗ್‌ನಲ್ಲಿ ಇಳಿದರೆ ಸಫ್ದರ್‌ಜಂಗ್ ಸಮಾಧಿ, ಸಂಜೆಗೆ ಲೋಧಿ ಗಾರ್ಡನ್. ಇಡೀ ದಿನ ಒಂದೇ ಲೈನು, ಎಲ್ಲೂ ಬದಲಿಸುವ ಗೋಜಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಮೆಟ್ರೊದ ಕುತುಬ್ ಮಿನಾರ್ ಸ್ಟೇಷನ್ನಿನಲ್ಲಿ ಇಳಿದ ತಕ್ಷಣ ಮಿನಾರ್ ಎದುರಿಗಿರೋದಿಲ್ಲ. ಅಲ್ಲಿಂದ ಸುಮಾರು ಒಂದೂವರೆ, ಎರಡು ಕಿಲೋಮೀಟರ್. ಹೊರಗೆ ಬಂದವರನ್ನು ಆಟೊದವರು ಸುತ್ತುವರೀತಾರೆ, ಹೆಸರು ನೋಡಿ ಹತ್ತಿರ ಅಂದುಕೊಂಡು ಬಂದವರು ಕೇಳಿದಷ್ಟು ಕೊಡ್ತಾರೆ. ಶೇರ್ ಆಟೊ, ಬಸ್ ಎರಡೂ ಸಿಗ್ತವೆ. ಹುಮಾಯೂನ್ ಸಮಾಧಿಗೂ ಹೀಗೇ, ಹತ್ತಿರದ ಜವಾಹರಲಾಲ್ ನೆಹರು ಸ್ಟೇಡಿಯಂ ಸ್ಟೇಷನ್ನಿನಿಂದ ಇನ್ನೂ ಆಟೊ ಬೇಕು. ವಯಸ್ಸಾದವರಿದ್ದರೆ ಈ ಕೊನೆಯ ಎರಡು ಕಿಲೋಮೀಟರ್‌ಗೂ ಸಮಯ, ದುಡ್ಡು ಎತ್ತಿಟ್ಟುಕೊಳ್ಳಿ.

ಹಳೇ ದಿಲ್ಲಿಗೆ ಮಂಗಳವಾರ, ಬುಧವಾರ, ಗುರುವಾರ, ಶನಿವಾರಗಳಲ್ಲಿ ಯಾವುದಾದರೂ ಸರಿ. ಭಾನುವಾರ ಅಂಗಡಿ ಇಲ್ಲ, ಸೋಮವಾರ ಕೋಟೆ ಇಲ್ಲ, ಶುಕ್ರವಾರ ಮಧ್ಯಾಹ್ನ ಜಾಮಾ ಮಸೀದಿಯಲ್ಲಿ ನಮಾಜಿನ ವೇಳೆ ಪ್ರವಾಸಿಗರಿಗೆ ಪ್ರವೇಶ ಇಲ್ಲ. ವೈಲೆಟ್ ಲೈನಿನ ಲಾಲ್ ಕಿಲಾ ಸ್ಟೇಷನ್ನಿನಿಂದ ಶುರು ಮಾಡಿ, ಕೋಟೆಯ ಗೇಟು ತೆರೆಯೋ ಹೊತ್ತಿಗೇ ಅಲ್ಲಿರಿ. 1648ರಲ್ಲಿ ಮುಗಿದ ಆ ಅರಮನೆ ನಗರವನ್ನು ಸಮಾಧಾನವಾಗಿ ನೋಡೋಕೆ ಎರಡೂವರೆ ಗಂಟೆ ಬೇಕು, ಒಳಗಿನ ಮ್ಯೂಸಿಯಂಗಳಿಗೆ ಹೋಗೋದಾದರೆ ಇನ್ನೂ ಒಂದು ಗಂಟೆ. ಅಲ್ಲಿಂದ ಎದುರಿಗೇ ಚಾಂದನಿ ಚೌಕ್. ಹಗಲಲ್ಲಿ ಆ ರಸ್ತೆಗೆ ಮೋಟಾರು ವಾಹನ ಬಿಡೋದಿಲ್ಲ, ನಡೀಬಹುದು, ಕಾಲು ನೋವಿನವರಿಗೆ ಸೈಕಲ್ ರಿಕ್ಷಾ ಇದೆ. ಗೌರಿಶಂಕರ ದೇವಸ್ಥಾನ, ಸೀಸ್‌ಗಂಜ್ ಗುರುದ್ವಾರ ನೋಡಿಕೊಂಡು ಕೊನೆಗೆ ಫತೇಪುರಿ ಮಸೀದಿ ತಲುಪಿದರೆ ಮಗ್ಗುಲಲ್ಲೇ ಖಾರಿ ಬಾವ್ಲಿಯ ಮಸಾಲೆ ಬಜಾರ್.

ಊಟದ ವಿಷಯಕ್ಕೂ ನನ್ನ ತಕರಾರು ಅದೇ. ಯಾವುದೋ ವಿಡಿಯೊದಲ್ಲಿ ನೋಡಿದ ಅಂಗಡಿಯ ಛೋಲೆ ಭಟೂರೆ ತಿನ್ನೋಕೆ ಊರಿನ ಈ ತುದಿಯಿಂದ ಆ ತುದಿಗೆ ಹೋಗ್ತಾರೆ. ಹೋಗಿ ಬರೋಕೆ ಎರಡು ಗಂಟೆ, ಕ್ಯೂನಲ್ಲಿ ಅರ್ಧ ಗಂಟೆ, ಆಟೊ ಖರ್ಚು ತಿಂಡಿಯ ನಾಲ್ಕು ಪಟ್ಟು. ಮಧ್ಯಾಹ್ನ ಎಲ್ಲಿರ್ತೀರೋ ಅಲ್ಲೇ ಉಣ್ಣಿ. ದಿಲ್ಲಿಯಲ್ಲಿ ಛೋಲೆ ಕುಲ್ಚೆ, ರಾಜ್ಮಾ ಚಾವಲ್, ಕಢಿ ಚಾವಲ್ ಮಾರುವ ಗಾಡಿ ಇಲ್ಲದ ಏರಿಯಾನೇ ಇಲ್ಲ, ಕಚೇರಿಗಳ ಹತ್ತಿರ ನಿಂತ ಗಾಡಿಯಲ್ಲಿ ನೌಕರರ ಗುಂಪು ಕಂಡರೆ ಅದೇ ಒಳ್ಳೆ ಗುರುತು. ರೇಟು ಮೊದಲೇ ಕೇಳಿ. ಹಾಫ್ ಪ್ಲೇಟ್ ಇದೆಯಾ ಅಂತಲೂ ಕೇಳಿ. ಭಟೂರೆ, ಪರಾಠ, ಬೇಡ್ಮಿ ಪೂರಿ ಎಲ್ಲವೂ ಎಣ್ಣೆಯಲ್ಲಿ ಮುಳುಗಿ ಎದ್ದವು. ಬೆಳಗ್ಗೆ ಇಡ್ಲಿ ತಿಂದು ಅಭ್ಯಾಸ ಇರೋರು ಮೊದಲ ದಿನವೇ ಮೂರೂ ಹೊತ್ತು ಇದನ್ನೇ ತಿಂದರೆ ಮೂರನೇ ದಿನಕ್ಕೆ ಹೊಟ್ಟೆ ಕೈ ಕೊಡುತ್ತೆ, ವಾರದ ಪ್ಲಾನ್ ಅಲ್ಲಿಗೇ ನಿಲ್ಲುತ್ತೆ. ದಿನಕ್ಕೆ ಒಂದು ಹೊತ್ತು ಕರಿದದ್ದು, ಉಳಿದದ್ದು ಅನ್ನ, ರೊಟ್ಟಿ, ದಾಲ್ ಅಂತ ಇಟ್ಟುಕೊಳ್ಳಿ.

ಅನ್ನ ಸಾರು ಬೇಕೇ ಬೇಕು ಅನ್ನೋರಿಗೆ ಇಂಡಿಯಾ ಗೇಟ್ ಕಡೆಯ ಆಂಧ್ರ ಭವನದ ಕ್ಯಾಂಟೀನ್ ಇದೆ. ಮಧ್ಯಾಹ್ನದ ಥಾಲಿಯಲ್ಲಿ ಪಪ್ಪು (ಆಂಧ್ರದ ತೊವ್ವೆ), ಸಾಂಬಾರ್, ರಸಂ, ಮೊಸರು, ಅನ್ನ, ಬಡಿಸಿದಷ್ಟೂ ಉಣ್ಣಬಹುದು. ಒಂದು ಗಂಟೆ ಮೇಲೆ ಹೋದರೆ ಬಾಗಿಲ ಹೊರಗೆ ತುಂಬ ಹೊತ್ತು ನಿಲ್ಲಬೇಕು, ಹನ್ನೆರಡಕ್ಕೇ ಹೋಗಿ. ಭಾನುವಾರ ಬಿರಿಯಾನಿಗೆ ನೂಕುನುಗ್ಗಲು. ನ್ಯಾಷನಲ್ ಮ್ಯೂಸಿಯಂ, ಈ ಊಟ, ಸಂಜೆ ಇಂಡಿಯಾ ಗೇಟ್ ಮತ್ತು 2019ರಲ್ಲಿ ಆದ ಯುದ್ಧ ಸ್ಮಾರಕ, ಈ ಮೂರನ್ನು ಒಂದೇ ದಿನಕ್ಕೆ ಸೇರಿಸಿದರೆ ಎಲ್ಲವೂ ಒಂದೇ ಸುತ್ತಿನಲ್ಲಿ ಮುಗಿಯುತ್ತೆ. ಕನ್ನಾಟ್ ಪ್ಲೇಸ್ ಹತ್ತಿರ ಇರುವ ದಿನ ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್‌ನಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಿ. ದುಡ್ಡು ಕೇಳೋದಿಲ್ಲ, ಯಾರು ಎತ್ತ ಅಂತಲೂ ಕೇಳೋದಿಲ್ಲ. ತಲೆಗೆ ಬಟ್ಟೆ ಕಟ್ಟಬೇಕು, ಚಪ್ಪಲಿ ಹೊರಗೆ ಬಿಡಬೇಕು, ರೊಟ್ಟಿಯನ್ನು ಎರಡೂ ಕೈ ಚಾಚಿ ತಗೋಬೇಕು, ತಟ್ಟೆಯಲ್ಲಿ ಬಿಡಬಾರದು. ಉಂಡ ಮೇಲೆ ಅರ್ಧ ಗಂಟೆ ಪಾತ್ರೆ ತೊಳೆಯೋ ಸೇವೆಗೆ ನಿಲ್ಲಿ. ಆ ಜಾಗವನ್ನು ಅಗ್ಗದ ಊಟ ಅಂತ ಮಾತ್ರ ಬಳಸಿಕೊಂಡು ಎದ್ದು ಹೋಗೋದು ನನಗೆ ಸರಿ ಅನ್ನಿಸಲ್ಲ.

"ರಜೆಗೆ ಹೋಗೋದು ಖುಷಿಗೆ, ಇಷ್ಟೆಲ್ಲ ಲೆಕ್ಕ ಹಾಕೋದಾದರೆ ಪ್ಯಾಕೇಜ್ ಬಸ್ಸೇ ವಾಸಿ" ಅಂತ ಕೆಲವರು ಬಂದೇ ಬರ್ತಾರೆ. ಒಂದು ದಿನಕ್ಕೆ ಎಂಟು ಜಾಗ ತೋರಿಸುವ ಬಸ್ಸುಗಳನ್ನು ಒಮ್ಮೆ ಗಮನಿಸಿ. ಜಾಗಕ್ಕೆ ಅರ್ಧ ಗಂಟೆ, ಮಧ್ಯದಲ್ಲಿ ಯಾವುದೋ ಎಂಪೋರಿಯಂನಲ್ಲಿ ಒಂದು ಗಂಟೆ. ಹುಮಾಯೂನ್ ಸಮಾಧಿಯ ಕಟ್ಟೆ ಹತ್ತಿ ಇಳಿಯೋಕೇ ಅರ್ಧ ಗಂಟೆ ಬೇಕು. ಮಂಡಿನೋವಿನವರಿಗೆ ಟ್ಯಾಕ್ಸಿ ಬೇಕು ಅನ್ನೋದು ಒಪ್ಪೋ ಮಾತೇ, ಆದರೆ ಟ್ಯಾಕ್ಸಿಯಲ್ಲಿ ಹೋದರೂ ಸೋಮವಾರ ಸೋಮವಾರವೇ, ಕೆಂಪುಕೋಟೆಯಿಂದ ಕುತುಬ್‌ಗೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರೇ. ಲೆಕ್ಕಕ್ಕೆ ಬೇಕಾದ್ದು ಮನೆಯಲ್ಲಿ ಒಂದು ಸಂಜೆ.

ಉಳಿಯೋ ಜಾಗದಲ್ಲೂ ಏರಿಯಾನೇ ಮುಖ್ಯ. ಏರ್‌ಪೋರ್ಟ್ ಹತ್ತಿರದ ಮಹಿಪಾಲಪುರದಲ್ಲಿ ರೂಮು ಅಗ್ಗ ಅಂತ ಬುಕ್ ಮಾಡ್ತಾರೆ, ಮೆಟ್ರೊ ಕೈಗೆಟಕೋದಿಲ್ಲ, ಉಳಿಸಿದ್ದೆಲ್ಲ ದಿನಾ ಟ್ಯಾಕ್ಸಿಗೆ ಹೋಗುತ್ತೆ. ಪಹಾಡ್‌ಗಂಜ್, ಕರೋಲ್ ಬಾಗ್ ಕಡೆ ನೋಡಿ. ಪಹಾಡ್‌ಗಂಜ್ ಇರೋದು ನ್ಯೂ ದಿಲ್ಲಿ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮ್ ಕಡೆ, ಮೆಟ್ರೊ ಇರೋದು ಎದುರು ದಿಕ್ಕಿನ ಅಜ್ಮೇರಿ ಗೇಟ್ ಕಡೆ, ಲಗೇಜು ಹೊತ್ತು ಹೊರಡುವ ಮುಂಚೆ ಇದು ನೆನಪಿರಲಿ. ಪಹಾಡ್‌ಗಂಜ್ ಮುಖ್ಯ ಬಜಾರಿಗೆ ಬ್ಲೂ ಲೈನಿನ ರಾಮಕೃಷ್ಣ ಆಶ್ರಮ ಮಾರ್ಗ ಹತ್ತಿರ. ನಿಲ್ದಾಣದ ಹೊರಗೆ "ನಿಮ್ಮ ಟಿಕೆಟ್ ಕ್ಯಾನ್ಸಲ್ ಆಗಿದೆ, ಆಫೀಸಿಗೆ ಬನ್ನಿ" ಅನ್ನೋರ ಹಿಂದೆ ಒಂದು ಹೆಜ್ಜೆಯೂ ಹೋಗಬೇಡಿ.

ಮೆಟ್ರೊ ದರ 2025ರ ಆಗಸ್ಟ್ ಏರಿಕೆ ಆದಮೇಲೂ ₹11ರಿಂದ ₹64, ಏರ್‌ಪೋರ್ಟ್ ಲೈನ್ ಬೇರೆ. ಸ್ಮಾರ್ಟ್ ಕಾರ್ಡಿಗೆ ಶೇ 10 ರಿಯಾಯಿತಿ, ಜನಸಂದಣಿ ಇಲ್ಲದ ಹೊತ್ತಲ್ಲಿ ಇನ್ನೂ ಶೇ 10. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದರಲ್ಲಿ ಇಬ್ಬರು ಹೋಗೋಕಾಗಲ್ಲ. ದಿನಕ್ಕೆ ಎರಡು ಮೂರು ಸಲ ಹತ್ತಿಳಿಯೋರಿಗೆ, ಒಮ್ಮೆ ದುಡ್ಡು ಕಟ್ಟಿ ಎಷ್ಟು ಸಲ ಬೇಕಾದರೂ ಓಡಾಡೋ ಟೂರಿಸ್ಟ್ ಕಾರ್ಡ್ ಗಿಟ್ಟೋದಿಲ್ಲ. ಪುರಾತತ್ವ ಇಲಾಖೆಯ ಜಾಗಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರ ಟಿಕೆಟನ್ನು ಗೇಟಿನ ಕ್ಯೂಆರ್ ಕೋಡ್‌ನಲ್ಲಿ ಕೊಂಡರೆ ಕೌಂಟರಿನ ಕ್ಯೂ ತಪ್ಪುತ್ತೆ. ಅಕ್ಷರಧಾಮಕ್ಕೆ ಮೊಬೈಲು, ಕ್ಯಾಮೆರಾ, ಬ್ಯಾಗ್ ಯಾವುದೂ ಒಳಗೆ ಬಿಡೋದಿಲ್ಲ. ಅವನ್ನು ಇಡೋಕೆ, ವಾಪಸ್ ತಗೊಳ್ಳೋಕೆ ಸರತಿ ಇರುತ್ತೆ, ಒಳಗೆ ಹೋದಮೇಲೆ ಒಬ್ಬರನ್ನೊಬ್ಬರು ಫೋನಿನಲ್ಲಿ ಹುಡುಕೋಕಾಗಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಸೇರೋದು ಅಂತ ಗೇಟಿನಲ್ಲೇ ಮಾತಾಡಿಕೊಳ್ಳಿ.

ಇನ್ನು ಆಗ್ರಾ. ಹಜರತ್ ನಿಜಾಮುದ್ದೀನ್‌ನಿಂದ ಬೆಳಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು 100 ನಿಮಿಷಕ್ಕೆ ಆಗ್ರಾ ಮುಟ್ಟಿಸುತ್ತೆ, ಸಂಜೆ ಅದರಲ್ಲೇ ವಾಪಸ್. ಶುಕ್ರವಾರ ಆ ರೈಲೇ ಓಡೋದಿಲ್ಲ, ಪಟ್ಟಿ ಬರೆದವರು ಇಷ್ಟಾದರೂ ನೋಡಬಹುದಿತ್ತು. ತಾಜ್ ಟಿಕೆಟ್ ಜೊತೆಗೆ ಒಳಗಿನ ಸಮಾಧಿಗೆ ಬೇರೆ ₹200 ಕಟ್ಟಬೇಕು. ವಾರದ ಮಧ್ಯದ ದಿನ ಆರಿಸಿ, ಪ್ರವಾಸದ ಕೊನೆಯ ದಿನಕ್ಕಂತೂ ಇಡಬೇಡಿ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜು ಬಿದ್ದರೆ ರೈಲುಗಳು ಗಂಟೆಗಟ್ಟಲೆ ತಡ ಆಗ್ತವೆ. ಆಗ್ರಾದಿಂದ ರಾತ್ರಿಯೇ ಬರಬೇಕಾದವರು ಬೆಳಗಿನ ಜಾವ ಬಂದರೆ ಬೆಂಗಳೂರಿನ ವಿಮಾನ ಅಷ್ಟೊತ್ತಿಗೆ ಹೋಗಿರುತ್ತೆ.